ಹತ್ತು ಸಾವಿರ ಹೆಜ್ಜೆಯವರಿಗೆ ಒಂದು ಬಹಿರಂಗ ಪತ್ರ

ಪಶ್ಚಿಮ ಬೆಂಗಳೂರಿನ ಬೆಳಗಿನ ವಾಕಿಂಗ್ ಬಳಗದವರೇ,

ಈ ಪತ್ರ ನಿಮ್ಮ ಎಡಗೈ ಮಣಿಕಟ್ಟಿನ ಬಗ್ಗೆ. ಮಗ ಅಮೆರಿಕದಿಂದ ತಂದುಕೊಟ್ಟದ್ದೋ, ಮಗಳು ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ತರಿಸಿದ್ದೋ, ದಸರಾ ಡಿಸ್ಕೌಂಟಿನಲ್ಲಿ ನೀವೇ ಆಸೆಪಟ್ಟು ಕೊಂಡದ್ದೋ, ಅಂತೂ ಅಲ್ಲೊಂದು ಫಿಟ್‌ನೆಸ್ ಬ್ಯಾಂಡ್ ಬಂದು ಕೂತಿದೆ. ರಾಜಾಜಿನಗರದ ಬ್ಲಾಕುಗಳ ಪಾರ್ಕುಗಳಲ್ಲಿ, ಬಸವೇಶ್ವರನಗರದ ಹಾವನೂರು ಸರ್ಕಲ್ ಸುತ್ತಿನ ಅಡ್ಡರಸ್ತೆಗಳಲ್ಲಿ, ವಿಜಯನಗರದ ಮಾರುತಿ ಮಂದಿರದ ಆಚೀಚೆ, ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳಡಿ, ಕೆಂಗೇರಿ ಉಪನಗರದಲ್ಲಿ ಬೆಳಗ್ಗೆ ಆರೂವರೆಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಹಿಂದೆ ಜನ ವಾಕಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಈಗ ಮೊದಲು ಕೈ ತಿರುಗಿಸಿ ನಂಬರ್ ನೋಡುತ್ತಾರೆ, ಬೆವರು ಆಮೇಲೆ. 'ನಂದು ಎಂಟು ಸಾವಿರದ ಇನ್ನೂರು ಸಾರ್, ನಿಮ್ದೆಷ್ಟು?' ಅನ್ನುವುದು 'ಕಾಫಿ ಆಯ್ತಾ?' ಅನ್ನುವಷ್ಟೇ ಸಲೀಸಾಗಿದೆ.

ಗೇಲಿ ಮಾಡಲು ಬರೆದ ಪತ್ರ ಇದಲ್ಲ. ಕೂತಲ್ಲೇ ಕೂತಿದ್ದ ಎಷ್ಟೋ ಮಂದಿಯನ್ನು ಎಬ್ಬಿಸಿ ರಸ್ತೆಗಿಳಿಸಿದ ಪುಣ್ಯ ಈ ಪಟ್ಟಿಗೆ ಸಲ್ಲಬೇಕು. ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅದುವರೆಗೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿ, 2022ರಲ್ಲಿ 'ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್' ಪತ್ರಿಕೆಯಲ್ಲಿ ಬರೆದರು: ಬ್ಯಾಂಡ್ ಕಟ್ಟಿದವರು ಕಟ್ಟದವರಿಗಿಂತ ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ. ಅದೇನು ಕಡಿಮೆಯಲ್ಲ. ಆದರೆ ನಮ್ಮ ಭಾಗದಲ್ಲಿ ಬ್ಯಾಂಡ್ ಕೈಗೇರಿದ್ದು ಬರೀ ಹುಮ್ಮಸ್ಸಿನಿಂದಲ್ಲ, ಭಯವೂ ಜೊತೆಗಿತ್ತು. ಭಯಪಟ್ಟು ಕಟ್ಟಿಕೊಂಡವರು ಅದರಿಂದ ಬಯಸುತ್ತಿರುವುದು ಅದು ಕೊಡಲಾರದ ಒಂದು ಭರವಸೆ. ಪತ್ರದ ತಕರಾರು ಇಷ್ಟೇ.

2021ರ ಅಕ್ಟೋಬರ್ 29ನ್ನು ಇಲ್ಲಿ ಯಾರೂ ಮರೆತಿಲ್ಲ. ಪುನೀತ್ ರಾಜ್‌ಕುಮಾರ್ ಅವರಿಗೆ ಆಗ 46 ವರ್ಷ. ವ್ಯಾಯಾಮಕ್ಕೆ, ಕಟ್ಟುಮಸ್ತು ಮೈಕಟ್ಟಿಗೆ ಹೆಸರಾದ ನಟ ಬೆಳಗ್ಗೆ ಎದೆಯಲ್ಲಿ ಏನೋ ಆಗುತ್ತಿದೆ ಎಂದು ವೈದ್ಯರ ಬಳಿ ಹೋದವರು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅವರನ್ನು ಮಣ್ಣು ಮಾಡಿದ ಕಂಠೀರವ ಸ್ಟುಡಿಯೋ ರಾಜಾಜಿನಗರದಿಂದ ಕೂಗಳತೆಯಲ್ಲಿದೆ. ಅಲ್ಲಿಗೆ ಹೊರಟ ಜನಸಾಗರ ನಿಮ್ಮ ಬಾಲ್ಕನಿಯಿಂದಲೇ ಕಂಡಿತ್ತು. ಆಮೇಲಿನ ದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ಎದೆ ತೋರಿಸಲು ಜನ ಮುಗಿಬಿದ್ದರು. ಇನ್ನೂ ನಲವತ್ತು ತುಂಬದವರೂ ಆ ಸಾಲಿನಲ್ಲಿದ್ದರು.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗಲೂ ಇದೇ ಆಯಿತು. ಬೆಂಗಳೂರು, ಮೈಸೂರು ಎರಡೂ ಕಡೆಯ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಆ ಜುಲೈನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟು, ಇದಕ್ಕೂ ಕೋವಿಡ್ ಲಸಿಕೆಗೂ ನಂಟು ಕಾಣುತ್ತಿಲ್ಲ ಎಂದಿತು. ವರದಿ ಓದಿದವರು ಎಷ್ಟು ಮಂದಿಯೋ. ಆ ಸುದ್ದಿಯ ಬೆನ್ನಿಗೇ ಮಣಿಕಟ್ಟಿಗೆ ಒಂದು ಕಾವಲುಗಾರ ಇರಲಿ ಎಂದುಕೊಂಡವರು ಮಾತ್ರ ನಿಮ್ಮ ಬಳಗದಲ್ಲೇ ಸಾಕಷ್ಟಿದ್ದೀರಿ.

ಈ ಊರಿಗೆ ಕೈಗಡಿಯಾರ ಹೊಸದೇನಲ್ಲ ಬಿಡಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರುಮಾಡಿದ್ದು 1961ರಲ್ಲಿ. ರಾಜಾಜಿನಗರ, ಬಸವೇಶ್ವರನಗರದ ಹಳೇ ಮನೆಗಳ ಗಾಡ್ರೇಜ್ ಬೀರುವಿನಲ್ಲಿ ಮದುವೆಗೆ ಬಂದ ಒಂದು 'ಜನತಾ' ಇನ್ನೂ ಇದ್ದೀತು. ಬೆಳಗೆದ್ದು ಅದಕ್ಕೆ ಕೀ ಕೊಡಬೇಕಿತ್ತು; ಕೊಡದಿದ್ದರೆ ಮರುದಿನ ಅದು ನಿಲ್ಲುತ್ತಿತ್ತು. ಆ ವಾಚು ಕೊಟ್ಟದ್ದು ಟೈಮು ಮಾತ್ರ, ಬುದ್ಧಿಮಾತನ್ನಲ್ಲ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರ ಜನವರಿಯಲ್ಲಿ. ಅದರ ಹಿಂದಿನ ವರ್ಷವಷ್ಟೇ ಶಿಯೋಮಿಯ 'ಎಂಐ ಬ್ಯಾಂಡ್' 999 ರೂಪಾಯಿಗೆ ಭಾರತಕ್ಕೆ ಕಾಲಿಟ್ಟಿತ್ತು. ಮುಂದೆ ಬೋಟ್, ನಾಯ್ಸ್, ಫೈರ್‌ಬೋಲ್ಟ್ ಮುಂತಾದ ದೇಶಿ ಹೆಸರುಗಳು ಬಂದು ಬೆಲೆ ಇನ್ನಷ್ಟು ಇಳಿಯಿತು. ಬೆಂಗಳೂರಿನದೇ ಕಂಪನಿ ಅಲ್ಟ್ರಾಹ್ಯೂಮನ್ ಅಂತೂ ಕೈಯನ್ನೂ ಬಿಟ್ಟು ಬೆರಳಿಗೆ ಉಂಗುರ ತೊಡಿಸಿದೆ.

ಮೊದಲು ಹೆಜ್ಜೆಯ ಲೆಕ್ಕ. ಎಲ್ಲ ಜಗಳವೂ ಶುರುವಾಗುವುದು ಅಲ್ಲೇ.

ಬ್ಯಾಂಡಿಗೆ ನಿಮ್ಮ ಕಾಲು ಕಾಣುವುದಿಲ್ಲ. ಅದರ ಹೊಟ್ಟೆಯಲ್ಲಿರುವ ಆಕ್ಸೆಲೆರೊಮೀಟರ್ ಎಂಬ ಪುಟ್ಟ ಚಿಪ್ ಮಣಿಕಟ್ಟು ಎತ್ತ, ಎಷ್ಟು ಜೋರಾಗಿ ಅಲುಗಿತು ಎಂಬುದನ್ನು ಮಾತ್ರ ಅಳೆಯುತ್ತದೆ. ನಡೆಯುವಾಗ ಕೈ ಬೀಸುವ ಲಯ ಇಂಥದ್ದು ಎಂದು ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಆ ಲಯಕ್ಕೆ ಹತ್ತಿರದ ಅಲುಗಾಟ ಸಿಕ್ಕರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಹಾಗಾಗಿ ಭಜನೆಯಲ್ಲಿ ಕೂತು ತಾಳ ಹಾಕಿದವರಿಗೂ ಒಂದಷ್ಟು ಹೆಜ್ಜೆ ಜಮಾ ಆಗುವುದುಂಟು. ಕಾಯಿ ತುರಿಯುವಾಗ, ಚಪಾತಿ ಹಿಟ್ಟು ನಾದುವಾಗ, ಮಾಗಡಿ ರಸ್ತೆಯ ಗುಂಡಿಗಳ ಮೇಲೆ ಸ್ಕೂಟರ್ ಓಡಿಸುವಾಗಲೂ ಅಷ್ಟೇ.

ಇದರ ಉಲ್ಟಾ ಕೇಳಿ. ವಿಜಯನಗರದ ಮಾರ್ಕೆಟ್ಟಿನಿಂದ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮನೆಗೆ ನಡೆದು ಬರುವ ಗೃಹಿಣಿಯ ಕೈ ಬೀಸುವುದೇ ಇಲ್ಲ. ಚೀಲದ ಹಿಡಿ ಬೆರಳಿಗೆ ಒತ್ತಿ ಕೆಂಪು ಗೆರೆ ಮೂಡಿರುತ್ತದೆ, ತೋಳು ನೇರ ಕೆಳಗೆ ಜೋತಿರುತ್ತದೆ, ಹುಣಸೆಹಣ್ಣು ಬೆಲ್ಲದ ಭಾರಕ್ಕೆ ಒಂದು ಭುಜ ವಾಲಿರುತ್ತದೆ. ಆ ದಿನ ಅವರು ಮಾಡಿದ ಅತಿ ಕಷ್ಟದ ನಡಿಗೆ ಅದು. ಬ್ಯಾಂಡ್ ಅದರಲ್ಲಿ ಒಂದಿಷ್ಟನ್ನು ನುಂಗಿ ಕೂತಿರುತ್ತದೆ. ಮೊಮ್ಮಗುವಿನ ಗಾಡಿ ತಳ್ಳುವ ತಾತ, ಮಂಡಿ ಆಪರೇಷನ್ ಆಗಿ ವಾಕರ್ ಹಿಡಿದು ಹಜಾರದ ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕುವ ಅಜ್ಜಿ, ಇವರಿಗೂ ಅದೇ ಅನ್ಯಾಯ. ನಿಧಾನವಾಗಿ, ಕಾಲೆಳೆದು ನಡೆಯುವವರನ್ನು ಮಣಿಕಟ್ಟಿನ ಯಂತ್ರಗಳು ಕಡಿಮೆ ಎಣಿಸುತ್ತವೆ ಎಂಬುದು ತಜ್ಞರಿಗೆ ಮೊದಲಿಂದಲೂ ಗೊತ್ತು. ಡಾಕ್ಟರು ಹೇಳಿದಷ್ಟು ನಡೆದ ಅಜ್ಜಿಗೆ ಬ್ಯಾಂಡ್ ಸಂಜೆ 'ಇವತ್ತು ಬಹಳ ಕಡಿಮೆ ಓಡಾಡಿದ್ದೀರಿ' ಎಂದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ.

ಗಂಡ ಹೆಂಡತಿ ಒಂದೇ ಪಾರ್ಕಿನಲ್ಲಿ ಅಷ್ಟೇ ಸುತ್ತು ಹಾಕಿ ಬಂದರೂ ಇಬ್ಬರ ಕಿಲೋಮೀಟರ್ ಬೇರೆ ಬರುವುದನ್ನು ನೀವು ಕಂಡಿದ್ದೀರಿ. ಜಿಪಿಎಸ್ ಇಲ್ಲದ ಬ್ಯಾಂಡ್, ಮೊದಲ ದಿನ ಆ್ಯಪ್‌ನಲ್ಲಿ ತುಂಬಿದ ಎತ್ತರವನ್ನು ನೋಡಿ ಹೆಜ್ಜೆಯ ಉದ್ದವನ್ನು ಅಂದಾಜು ಮಾಡುತ್ತದೆ. ಎತ್ತರ ಸುಳ್ಳು ಹೇಳಿದ್ದರೆ ದೂರವೂ ಸುಳ್ಳು.

ಇನ್ನು ಆ ಹತ್ತು ಸಾವಿರ. ಅದು ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆಯ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು 'ಮಾನ್ಪೊಕೆ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೇಳಲು ಸುಲಭ, ಕೇಳಲು ದೊಡ್ಡದು. ಮಾರಾಟಕ್ಕೆಂದು ಹುಟ್ಟಿದ ಸಂಖ್ಯೆ ಅರವತ್ತು ವರ್ಷದ ಮೇಲೆ ರಾಜಾಜಿನಗರದ ರಿಟೈರ್ಡ್ ಹೆಡ್‌ಮಾಸ್ಟರನ್ನು ರಾತ್ರಿ ಹತ್ತು ಗಂಟೆಗೆ ಟೆರೇಸಿನ ಮೇಲೆ ಸುತ್ತು ಹೊಡೆಸುತ್ತಿದೆ, 'ಇನ್ನು ಆರುನೂರು ಬಾಕಿ ಇದೆ ಕಣೇ' ಎನ್ನಿಸುತ್ತಿದೆ.

ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವಯಸ್ಸಿನ 16,741 ಮಹಿಳೆಯರ ನಡಿಗೆಯನ್ನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ಸಮಾಧಾನ ಕೊಡಬಹುದು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ ಹದಿನೈದು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗಲೂ, ಅರವತ್ತು ದಾಟಿದವರಿಗೆ ಲಾಭ 6,000ದಿಂದ 8,000 ಹೆಜ್ಜೆಯ ನಡುವೆ ಸಮತಟ್ಟಾಯಿತು. ಹೆಡ್‌ಮಾಸ್ಟರು ಆ ಆರುನೂರನ್ನು ಬಿಟ್ಟು ಮಲಗಬಹುದು.

ಈಗ ಬ್ಯಾಂಡಿನ ಬೆನ್ನು ತಿರುಗಿಸಿ, ಲೈಟ್ ಆರಿಸಿ ನೋಡಿ. ಹಸಿರು ದೀಪ ಪಟಪಟನೆ ಮಿಣುಕುತ್ತದೆ. ಅದರ ಪಕ್ಕದ ಕಪ್ಪು ಚೌಕವೇ ಬೆಳಕು ಹಿಡಿಯುವ ಕಣ್ಣು. ರಕ್ತ ಕೆಂಪಗಿರುವುದರಿಂದ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ತುಂಬಿ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ, ಎರಡು ಬಡಿತದ ನಡುವೆ ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿದರೆ ಹಾರ್ಟ್ ರೇಟ್. ಇಷ್ಟೇ ವಿದ್ಯೆ. ಸುಮ್ಮನೆ ಕೂತಿದ್ದಾಗ ಇದು ಪರವಾಗಿಲ್ಲ ಎನ್ನುವಷ್ಟು ಸರಿಯಾಗಿ ಕೆಲಸ ಮಾಡುತ್ತದೆ.

ಕೈ ಆಡತೊಡಗಿದರೆ ತಾಪತ್ರಯ. ಬ್ಯಾಂಡನ್ನು ಬಳೆಯ ಹಾಗೆ ಸಡಿಲವಾಗಿ ಬಿಟ್ಟರೆ ಸಂದಿಯಿಂದ ಬಿಸಿಲು ನುಗ್ಗಿ ಲೆಕ್ಕ ತಪ್ಪುತ್ತದೆ. ಗಾಜಿನ ಬಳೆಗಳ ನಡುವೆ ಸಿಕ್ಕಿಸಿಕೊಂಡರೆ ಪ್ರತಿ ಹೆಜ್ಜೆಗೂ ಬಳೆ ಬಂದು ಅದನ್ನು ತಳ್ಳುತ್ತದೆ. ಬಳೆಗಳಿಗಿಂತ ಮೇಲೆ, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಬಿಟ್ಟು, ವಾಕಿಂಗ್ ಹೊತ್ತಿನಲ್ಲಿ ಕೊಂಚ ಬಿಗಿಯಾಗಿ ಕಟ್ಟಬೇಕು. ಡಿಸೆಂಬರಿನ ಚಳಿಯಲ್ಲಿ ಕೈ ತಣ್ಣಗಾಗಿ ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾದರೂ ಅದು ತಡವರಿಸುತ್ತದೆ. ಇನ್ನೊಂದು ವಿಚಿತ್ರವಿದೆ: ಒಂದೇ ಸಮನೆ ಬಿರುಸಾಗಿ ನಡೆಯುವವರ ಹೆಜ್ಜೆಯ ಲಯವನ್ನೇ ಬ್ಯಾಂಡ್ ಕೆಲವೊಮ್ಮೆ ನಾಡಿ ಎಂದು ಭ್ರಮಿಸುತ್ತದೆ. ನಿಮಿಷಕ್ಕೆ 110 ಹೆಜ್ಜೆ ಹಾಕಿದರೆ ಹಾರ್ಟ್ ರೇಟೂ 110 ಎಂದು ನಿಂತುಬಿಡುತ್ತದೆ. ಅನುಮಾನ ಬಂದರೆ ಬೀರುವಿನ ಎಚ್‌ಎಂಟಿಯನ್ನು ಹೊರತೆಗೆಯಿರಿ. ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು, ಸೆಕೆಂಡ್ ಮುಳ್ಳು ನೋಡುತ್ತ ಮೂವತ್ತು ಸೆಕೆಂಡ್ ನಾಡಿ ಎಣಿಸಿ ಎರಡರಿಂದ ಗುಣಿಸಿದರೆ ಯಾರು ಸರಿ ಎಂದು ಗೊತ್ತಾಗುತ್ತದೆ.

ಬಿಪಿಗೆ, ಎದೆಗೆ ಮಾತ್ರೆ ತೆಗೆದುಕೊಳ್ಳುವವರು ಬಳಗದಲ್ಲಿ ಕಡಿಮೆ ಇಲ್ಲ. ಅವರು ಈ ಪ್ಯಾರಾ ಎರಡು ಸಲ ಓದಲಿ. ಬ್ಯಾಂಡ್ ತೋರಿಸುವ 'ಫ್ಯಾಟ್ ಬರ್ನ್', 'ಕಾರ್ಡಿಯೋ', 'ಪೀಕ್' ಎಂಬ ಬಣ್ಣದ ಪಟ್ಟಿಗಳೆಲ್ಲ ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆದರೆ ಬರುವ ಗರಿಷ್ಠ ಬಡಿತದ ಮೇಲೆ ನಿಂತಿವೆ. ಎಪ್ಪತ್ತರ ಹರೆಯದವರಿಗೆ ಅದು 150. ಆ ಸೂತ್ರವೇ ಒರಟು ಅಂದಾಜು. ಅದರ ಮೇಲೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆ ಇದ್ದರೆ ಹೃದಯದ ವೇಗ ಏರದಂತೆ ತಡೆಯುವುದೇ ಮಾತ್ರೆಯ ಕೆಲಸ. ನೀವು ಬೆವರು ಸುರಿಸಿ ನಡೆದರೂ ಬ್ಯಾಂಡ್ 'ಇನ್ನೂ ಜೋರಾಗಿ' ಎನ್ನುತ್ತದೆ. ಅದಕ್ಕೆ ನೀವು ನುಂಗುವ ಮಾತ್ರೆಯ ಹೆಸರು ಗೊತ್ತಿಲ್ಲ. ಇಂಥವರಿಗೆ ಹಳೇ ಅಳತೆಯೇ ಮೇಲು: ಪಕ್ಕದವರ ಜೊತೆ ಮಾತಾಡಿಕೊಂಡು ನಡೆಯಲು ಆಗಬೇಕು, ಹಾಡಲು ಆಗಬಾರದು. ಜೋರು ಎಷ್ಟಿರಬೇಕು ಎಂಬ ಮಿತಿಯನ್ನು ನಿಮ್ಮ ಡಾಕ್ಟರೇ ಹೇಳಲಿ.

ಇನ್ನು ಪತ್ರದ ಮುಖ್ಯ ಮಾತಿಗೆ ಬರೋಣ.

ನಿಮ್ಮ ಕೈಯ ಬ್ಯಾಂಡ್ ಹೃದಯಾಘಾತವನ್ನು ಕಂಡುಹಿಡಿಯುವುದಿಲ್ಲ. ಐದು ಸಾವಿರದ್ದೂ ಇಲ್ಲ, ಐವತ್ತು ಸಾವಿರದ್ದೂ ಇಲ್ಲ. ಇಸಿಜಿ ಇರುವ ಆ್ಯಪಲ್ ವಾಚಿನ ತಯಾರಕರೇ ತಮ್ಮ ಆ್ಯಪ್‌ನಲ್ಲಿ ಇದು ಹೃದಯಾಘಾತವನ್ನು ಗುರುತಿಸಲಾರದು ಎಂದು ಬರೆದಿದ್ದಾರೆ. ಆ ವಾಚು ಹುಡುಕುವುದು ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ಲಯತಪ್ಪನ್ನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 4,19,297 ಜನರನ್ನು ಸೇರಿಸಿ ನಡೆಸಿದ ಅಧ್ಯಯನದಲ್ಲಿ ಅಂಥ ಎಚ್ಚರಿಕೆ ಬಂದದ್ದು ಶೇ 0.52 ಮಂದಿಗೆ. ಅದು ಉಪಯೋಗದ ವಿಷಯವೇ, ಲಕ್ವ ಹೊಡೆಯುವುದನ್ನು ತಪ್ಪಿಸಲು ನೆರವಾಗಬಹುದು. ಹೃದಯಾಘಾತದ ಕಥೆ ಬೇರೆ. ಅಲ್ಲಿ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಆರಂಭದಲ್ಲಿ ನಾಡಿ 80 ಎಂದೇ ನೆಟ್ಟಗೆ ಹೊಡೆಯುತ್ತಿರಬಹುದು, ಮಣಿಕಟ್ಟಿನ ಮೇಲೆ ಎಲ್ಲ ಹಸಿರಾಗಿಯೇ ಇರಬಹುದು.

ಅಪಾಯ ಇರುವುದು ಇಲ್ಲೇ. ಎದೆಯಲ್ಲಿ ಭಾರ, ಎಡ ತೋಳಿಗೋ ದವಡೆಗೋ ಹಬ್ಬುವ ನೋವು, ತಣ್ಣನೆ ಬೆವರು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಯಾವುದು ಎಂದು ನಿಮಗೇ ಗೊತ್ತು: 'ಗ್ಯಾಸ್ಟ್ರಿಕ್ ಇರಬೇಕು.' ಒಂದು ಲೋಟ ಜೀರಿಗೆ ಕಷಾಯ, ಒಂದು ಪ್ಯಾಕೆಟ್ ಈನೋ, ಸ್ವಲ್ಪ ಹೊತ್ತು ಮಲಗಿ ನೋಡೋಣ. ಈಗ ಇದಕ್ಕೆ ಹೊಸ ಸಾಕ್ಷಿ ಸಿಕ್ಕಿದೆ. 'ನೋಡು, ವಾಚಲ್ಲಿ ಹಾರ್ಟ್ ರೇಟ್ ನಾರ್ಮಲ್ ಇದೆ.' ಈ ಒಂದು ವಾಕ್ಯಕ್ಕೆ ಒಂದು ಗಂಟೆ ಕಳೆದುಹೋದರೆ ಹೃದಯದ ಸ್ನಾಯು ಅಷ್ಟು ಹೊತ್ತು ರಕ್ತವಿಲ್ಲದೆ ಸಾಯುತ್ತಿರುತ್ತದೆ. ಶುಗರ್ ಇರುವವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಬರಬಹುದು. ಆಗ ಕೈ ನೋಡಿಕೊಳ್ಳುವ ಕೆಲಸವೇ ಬೇಡ. ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಹೊರಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೇ ಹೋಗಬೇಕು ಎಂದು ಹಟ ಹಿಡಿದು ಕೆಂಗೇರಿಯಿಂದ ಟ್ರಾಫಿಕ್ಕಿನಲ್ಲಿ ನಿಂತುಕೊಳ್ಳುವುದು ಬೇಡ. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ಹೆಸರಲ್ಲೇ 'ಹೃದಯ ಜ್ಯೋತಿ' ಯೋಜನೆ ತಂದದ್ದೂ ಇದೇ ಕಾರಣಕ್ಕೆ: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು.

ಬಿಪಿ ತೋರಿಸುತ್ತದೆ, ಶುಗರ್ ತೋರಿಸುತ್ತದೆ ಎಂದು ಮಾರುವ ಅಗ್ಗದ ವಾಚುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ಯಾವ ವಾಚು, ಉಂಗುರವನ್ನೂ ನಂಬಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಕ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಅಂಥದೊಂದು ನಿಮ್ಮಲ್ಲಿದ್ದರೆ ಒಂದು ಬಾಳೆಹಣ್ಣಿಗೆ ಸುತ್ತಿ ನೋಡಿ. ಕೆಲವು ವಾಚುಗಳು ಬಾಳೆಹಣ್ಣಿಗೂ ನಾಡಿ ಹಿಡಿಯುತ್ತವೆ. ಆ ನಂಬರ್ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡೀರಿ, ಜೋಕೆ.

ಕ್ಯಾಲೊರಿ ಲೆಕ್ಕಕ್ಕೆ ಇನ್ನೂ ಕಡಿಮೆ ಮಾತು ಸಾಕು. ಸ್ಟ್ಯಾನ್‌ಫರ್ಡ್‌ನವರೇ 2017ರಲ್ಲಿ ಏಳು ಬಗೆಯ ಬ್ಯಾಂಡುಗಳನ್ನು ಪರೀಕ್ಷಿಸಿದರು. ಆರು ಬ್ಯಾಂಡುಗಳ ನಾಡಿ ಲೆಕ್ಕ ಶೇ 5ರ ತಪ್ಪಿನೊಳಗಿತ್ತು. ಕ್ಯಾಲೊರಿಯಲ್ಲಿ ಅತ್ಯುತ್ತಮ ಎನಿಸಿದ್ದೂ ಸರಾಸರಿ ಶೇ 27ರಷ್ಟು, ಅತಿ ಕೆಟ್ಟದ್ದು ಶೇ 93ರಷ್ಟು ತಪ್ಪಿತ್ತು. ವಾಕಿಂಗ್ ಮುಗಿಸಿ '350 ಕ್ಯಾಲೊರಿ ಸುಟ್ಟಿದೆ' ಎಂದು ದರ್ಶಿನಿಯ ಮುಂದೆ ನಿಂತು ಬೆಣ್ಣೆ ಮಸಾಲೆ ಹೇಳುವವರು ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಒಳಿತು. ದೋಸೆ ತಿನ್ನಬೇಡಿ ಎಂದಲ್ಲ. ಬ್ಯಾಂಡಿನ ಹೆಸರು ಹೇಳಿ ತಿನ್ನಬೇಡಿ. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಎರಡು ವರ್ಷದ ಪ್ರಯೋಗವೊಂದರಲ್ಲಿ, ತೂಕ ಇಳಿಸುವ ತರಬೇತಿಯ ಜೊತೆಗೆ ಬ್ಯಾಂಡ್ ಕಟ್ಟಿಕೊಂಡವರು ಸರಾಸರಿ 3.5 ಕಿಲೋ ಇಳಿದರೆ, ಬ್ಯಾಂಡ್ ಇಲ್ಲದೆ ಅದೇ ಬಗೆಯ ತರಬೇತಿ ಪಡೆದವರು 5.9 ಕಿಲೋ ಇಳಿದಿದ್ದರು.

ನಿದ್ದೆಯ ಅಂಕವೂ ಇದೇ ಜಾತಿಯದು. ಅಲುಗದೆ ಮಲಗಿ ಪೇಪರ್ ಓದಿದರೂ ಬ್ಯಾಂಡ್ ಅದನ್ನು ನಿದ್ದೆ ಎಂದುಕೊಳ್ಳಬಹುದು. ಗಾಢ ನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಎಂದು ಖಚಿತವಾಗಿ ಹೇಳಲು ನಿಮ್ಹಾನ್ಸ್‌ನಂಥ ಕಡೆಯ ನಿದ್ರಾ ಪ್ರಯೋಗಾಲಯದಲ್ಲಿ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ನೋಡಬೇಕು. ಬೆಳಗೆದ್ದು ಚೆನ್ನಾಗೇ ಇದ್ದವರು 'ಸ್ಲೀಪ್ ಸ್ಕೋರ್ 58' ನೋಡಿ ನಿದ್ದೆಯ ಅಂಕದ ಚಿಂತೆಯಲ್ಲೇ ಮುಳುಗುವುದಕ್ಕೆ 2017ರಲ್ಲೇ ಅಮೆರಿಕದ ಸಂಶೋಧಕರು 'ಆರ್ಥೊಸೋಮ್ನಿಯಾ' ಎಂದು ಹೆಸರಿಟ್ಟಿದ್ದಾರೆ. ಆದರೆ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಕೋರ್ 90 ಬಂದಿದ್ದರೂ ಡಾಕ್ಟರಿಗೆ ತೋರಿಸಿ.

ಬ್ಯಾಂಡ್ ಕೊಡಿಸಿದ ಮಕ್ಕಳಿಗೂ ಎರಡು ಮಾತು, ನಿಮ್ಮ ಮೂಲಕವೇ ತಲುಪಲಿ. ಆ್ಯಪ್‌ನ ಖಾತೆ ಮಗಳ ಫೋನಿನಲ್ಲೂ ತೆರೆದಿರುತ್ತದೆ. ನ್ಯೂಜೆರ್ಸಿಯಲ್ಲಿ ಆಕೆ ಊಟಕ್ಕೆ ಕೂತಾಗ ಬಸವೇಶ್ವರನಗರದ ಅಪ್ಪನ ನಾಡಿ ಪರದೆಯ ಮೇಲೆ. ಅನೇಕ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ:

'ಅಪ್ಪಾ, ನಿನ್ನೆ ಸಂಜೆ ನಿಮ್ಮ ಹಾರ್ಟ್ ರೇಟ್ 122 ಹೋಗಿತ್ತಲ್ಲ, ಏನಾಯ್ತು?'

'ಕರೆಂಟ್ ಹೋಗಿತ್ತಮ್ಮಾ. ಲಿಫ್ಟ್ ಇರ್ಲಿಲ್ಲ. ಹಾಲು ಹಿಡ್ಕೊಂಡು ಮೂರು ಮಹಡಿ ಹತ್ತಿದೆ.'

'ರಾತ್ರಿ ನಿದ್ದೇನೂ ಕಮ್ಮಿ ತೋರಿಸ್ತಿದೆ.'

'ಕಮ್ಮಿ ಏನಿಲ್ಲ. ನಿಮ್ಮಮ್ಮ ಬೈದ್ಲು ಅಂತ ಬಿಚ್ಚಿಟ್ಟು ಮಲಗಿದ್ದೆ.'

ಅಕ್ಕರೆಯೇನೋ ನಿಜ. ಆದರೆ ಫೋನ್ ಮಾಡಿ ಕೇಳಿದ್ದು ನಾಡಿಯನ್ನು ಮಾತ್ರ, ಅಪ್ಪನನ್ನಲ್ಲ ಎಂದು ಅವರಿಗೆ ಅನ್ನಿಸದ ಹಾಗೆ ನೋಡಿಕೊಳ್ಳಬೇಕು. 122 ಎಂಬುದು ಮೆಟ್ಟಿಲು ಹತ್ತಿದ ಹೃದಯ ತನ್ನ ಕೆಲಸ ಮಾಡಿದ ಗುರುತು. ಮಕ್ಕಳು ಗಮನಿಸಬೇಕಾದ್ದು ಬೇರೆ: ವಿಶ್ರಾಂತಿಯಲ್ಲಿರುವಾಗಿನ ನಾಡಿ, ಅಂದರೆ 'ರೆಸ್ಟಿಂಗ್ ಹಾರ್ಟ್ ರೇಟ್', ವಾರಗಟ್ಟಲೆ ಒಂದೇ ಮಟ್ಟದಲ್ಲಿದ್ದು ಈಗ ದಿನದಿನಕ್ಕೆ ಏರುತ್ತಿದೆಯೇ? ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ದಾರಿಗೆ ಈಗ ಅಪ್ಪ ಹದಿನೈದು ನಿಮಿಷ ತೆಗೆದುಕೊಳ್ಳುತ್ತಿದ್ದಾರೆಯೇ? ಜ್ವರ, ರಕ್ತಹೀನತೆ, ಥೈರಾಯ್ಡ್, ಸೋಂಕು ಹೀಗೆ ಹಲವು ಕಾರಣಕ್ಕೆ ಇಂಥ ಬದಲಾವಣೆ ಬರುತ್ತದೆ. ಬ್ಯಾಂಡಿನ ನಿಜವಾದ ಶಕ್ತಿ ಇದು. ಅದರ ಒಂದೊಂದು ನಂಬರ್ ಅಷ್ಟಾಗಿ ನಂಬಲಾಗದಿದ್ದರೂ, ಅದೇ ಬ್ಯಾಂಡ್ ಅದೇ ಕೈಯಲ್ಲಿ ತಿಂಗಳುಗಟ್ಟಲೆ ಇದ್ದರೆ ಅದರ ಗ್ರಾಫಿನ ಓಟ ಬಹಳ ಹೇಳುತ್ತದೆ. ಡಾಕ್ಟರ ಮುಂದೆ ಆ ತಿಂಗಳ ಗ್ರಾಫ್ ತೆರೆದಿಡಿ. ನಿನ್ನೆಯ ಹೆಜ್ಜೆ ಎಷ್ಟೆಂದು ಹೇಳುತ್ತ ಕೂರಬೇಡಿ, ಹೊರಗೆ ಕಾಯುವವರಿದ್ದಾರೆ.

ವಾಟ್ಸ್ಆ್ಯಪ್ ಗ್ರೂಪಿನ ಸ್ಕ್ರೀನ್‌ಶಾಟ್ ಪೈಪೋಟಿಯ ಬಗ್ಗೆಯೂ ಹೇಳಬೇಕು. ಹೆಜ್ಜೆಯ ಲೆಕ್ಕ ಹಂಚಿಕೊಳ್ಳುವುದು ಈಗ ಗ್ರೂಪಿನಲ್ಲಷ್ಟೇ ಅಲ್ಲ; ಹೆಜ್ಜೆಗೆ ರಿಯಾಯಿತಿ ಕೊಡುವ ಆರೋಗ್ಯ ವಿಮೆಗಳೂ ಬಂದಿವೆ. ಇಂಥ ಸ್ವಾಸ್ಥ್ಯ ಸವಲತ್ತುಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತ್ತು. ಒಳ್ಳೆಯದೇ. ಆದರೆ ನೀವು ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಯಾವ ರಸ್ತೆಯಲ್ಲಿ ನಡೆಯುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಎಂಬುದೆಲ್ಲ ನೀವು ಹಂಚಿಕೊಳ್ಳುವ ಆ್ಯಪ್‌ನ ನಕ್ಷೆಯಲ್ಲಿರುತ್ತದೆ. 2017ರ ನವೆಂಬರಿನಲ್ಲಿ ಸ್ಟ್ರಾವಾ ಎಂಬ ಆ್ಯಪ್ ಪ್ರಕಟಿಸಿದ ಜಗತ್ತಿನ ನಕ್ಷೆಯಲ್ಲಿ ಸೈನಿಕರ ಬೆಳಗಿನ ಓಟದ ಗೆರೆಗಳಿಂದ ಗುಟ್ಟಾದ ಸೇನಾ ನೆಲೆಗಳೇ ಬಯಲಾಗಿದ್ದವು. ಒಂಟಿಯಾಗಿರುವ ಹಿರಿಯರ ಮನೆ ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಖಾಲಿ ಎಂಬುದು ಇನ್ನೂರು ಜನರ ಗ್ರೂಪಿಗೆ ಗೊತ್ತಾಗುವ ಅಗತ್ಯವಿಲ್ಲ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಕ್ಷೆಯನ್ನು ಖಾಸಗಿ ಮಾಡಲು ಮೊಮ್ಮಕ್ಕಳಿಗೆ ಹೇಳಿ.

ಬ್ಯಾಂಡ್ ಪ್ರತಿ ಗಂಟೆಗೊಮ್ಮೆ ನಡುಗಿ 'ಎದ್ದು ಓಡಾಡಿ' ಎನ್ನುತ್ತದೆ. ಎಲ್ಲಿ ಓಡಾಡುವುದು ಎಂಬುದನ್ನು ಹೇಳುವುದಿಲ್ಲ. ಮಾಗಡಿ ರಸ್ತೆಯ ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕು, ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಅಂಗಡಿಯ ಬೋರ್ಡು ದಾಟಿ ನಡೆದವರಿಗೆ ಹತ್ತು ಸಾವಿರದ ಗುರಿ ಸರ್ಕಸ್ಸಿನ ಗುರಿ. ಪಾದಚಾರಿಗೆ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ನಮಗೂ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಎಂಬ ಹೊಸ ಬೋರ್ಡು ಬಂತು. ನಿಮ್ಮ ಬಳಗಗಳು ಒಟ್ಟುಗೂಡಿ ಒಂದು ಮನವಿ ಕೊಟ್ಟರೆ ಚಪ್ಪಡಿ ಸರಿಮಾಡಿಸುವುದು ಮೊದಲಿಗಿಂತ ಹತ್ತಿರವಾಗಿರಬೇಕು ಎಂಬ ಆಸೆ ಇದೆ.

ಮನವಿಯ ಜೊತೆಗೆ ಬಳಗದ ಕೈಯಲ್ಲೇ ಇರುವ ಒಂದು ಕೆಲಸವೂ ಇದೆ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ನೀವು ಚಂದಾ ಎತ್ತಿ, ಶಾಮಿಯಾನ ಹಾಕಿಸಿ, ಅತಿ ಹೆಚ್ಚು ನಡೆದವರಿಗೆ ಶಾಲು ಹೊದಿಸುತ್ತೀರಿ. ಈ ಸಲ ಆ ದುಡ್ಡಿನಲ್ಲಿ ಒಂದು ಭಾನುವಾರದ ಬೆಳಗ್ಗೆ ತರಬೇತಿ ಕೊಡುವವರನ್ನು ಕರೆಸಿ ಎಲ್ಲರೂ ಎದೆ ಒತ್ತುವ ಪ್ರಥಮ ಚಿಕಿತ್ಸೆಯಾದ ಸಿಪಿಆರ್ ಕಲಿಯಬಹುದು. ನಡೆಯುತ್ತಿದ್ದವರು ಕುಸಿದು, ಕರೆದರೂ ಓಗೊಡದೆ, ಉಸಿರು ಸರಿಯಾಗಿ ಆಡದೆ ಬಿದ್ದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಮಂಡಿಯೂರಬೇಕು. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ ಮೈಭಾರ ಬಿಟ್ಟು ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಒತ್ತುವವರು ಎರಡು ನಿಮಿಷದಲ್ಲೇ ದಣಿಯುತ್ತಾರೆ, ಮತ್ತೊಬ್ಬರು ಕೂಡಲೇ ಕೈಹಾಕಬೇಕು. ಅದಕ್ಕೇ ಕಲಿತವರು ಒಬ್ಬಿಬ್ಬರಿದ್ದರೆ ಸಾಲದು, ಬಳಗದಲ್ಲಿ ಕಡೇಪಕ್ಷ ನಾಲ್ಕೈದು ಮಂದಿಯಾದರೂ ಬೇಕು. ಮಂಡಿ ನೋವಿನವರು ಗೇಟಿನ ಹತ್ತಿರ ನಿಂತು ಆಂಬುಲೆನ್ಸಿಗೆ ದಾರಿ ತೋರಿಸುವ ಕೆಲಸ ವಹಿಸಿಕೊಳ್ಳಬಹುದು. ಪಾರ್ಕಿನ ಯಾವ ಗೇಟಿಗೆ ಬೆಳಗ್ಗೆ ಬೀಗ ಇರುವುದಿಲ್ಲ ಎಂಬುದನ್ನು ಗ್ರೂಪಿನಲ್ಲಿ ಇವತ್ತೇ ಬರೆದು ಹಾಕಿ.